ನಡುಗಿದ್ದು ನೆಲವೋ, ಗಾಳಿಯೋ? ಜಗತ್ತಿನ ಭೂಕಂಪಗಳ ಪಟ್ಟಿಯನ್ನು ಮಲೆನಾಡಿನಲ್ಲಿ ಕುಳಿತು ಓದುವ ಬಗೆ

2021ರ ಜನವರಿ 21ರ ರಾತ್ರಿ ಸುಮಾರು 10.20ರ ಹೊತ್ತಿಗೆ ಶಿವಮೊಗ್ಗ ನಗರದ ಮನೆಗಳ ಕಿಟಕಿ ಬಾಗಿಲುಗಳು ಒಮ್ಮೆಲೇ ಅದುರಿದವು. ಕೆಲವೆಡೆ ಗಾಜು ಒಡೆಯಿತು, ಗೋಡೆಗಳು ಬಿರುಕು ಬಿಟ್ಟವು, ನಿದ್ದೆಗಣ್ಣಿನ ಮಕ್ಕಳನ್ನು ಎತ್ತಿಕೊಂಡು ಜನ ಬೀದಿಗೆ ಬಂದು ನಿಂತರು. ಚಿಕ್ಕಮಗಳೂರು, ದಾವಣಗೆರೆ ಜಿಲ್ಲೆಗಳ ನೆಂಟರಿಷ್ಟರೂ ಫೋನ್ ಮಾಡಿ ತಮ್ಮಲ್ಲೂ ಹಾಗೆಯೇ ಆಯಿತೆಂದು ಹೇಳತೊಡಗಿದಾಗ ಎಲ್ಲರ ಬಾಯಲ್ಲೂ ಇದ್ದದ್ದು ಭೂಕಂಪವೆಂಬ ಒಂದೇ ಮಾತು. ಭೂಕಂಪನ ವೀಕ್ಷಣಾಲಯಗಳನ್ನು ವಿಚಾರಿಸಿದಾಗ ಮಾತ್ರ ಭೂಕಂಪವೇನೂ ದಾಖಲಾಗಿಲ್ಲವೆಂಬ ಉತ್ತರ ಬಂತು. ನಗರದ ಹೊರವಲಯದ ಹುಣಸೋಡಿನಲ್ಲಿ, ಕಲ್ಲು ಕ್ವಾರಿಯೊಂದರ ಬಳಿ ವಾಹನದಲ್ಲಿದ್ದ ಸ್ಫೋಟಕಗಳು ಸಿಡಿದು ಹಲವರು ಪ್ರಾಣ ಕಳೆದುಕೊಂಡಿದ್ದರು.

ಸಾವಿರಾರು ಜನ ತಮ್ಮ ಕಾಲಡಿಯಲ್ಲಿ ಅನುಭವಿಸಿದ ನಡುಕವನ್ನು, ಎಲ್ಲೋ ದೂರದ ಬಂಡೆಯ ಮೇಲೆ ಕುಳಿತ ಯಂತ್ರವೊಂದು 'ಭೂಕಂಪವಲ್ಲ' ಎಂದು ಹೇಗೆ ತೀರ್ಮಾನಿಸುತ್ತದೆ? ಈ ಪ್ರಶ್ನೆಯನ್ನು ಬಿಡಿಸಿಕೊಂಡರೆ, ಇಂದು ಯಾರ ಮೊಬೈಲಿನಲ್ಲಾದರೂ ತೆರೆದುಕೊಳ್ಳುವ ಜಗತ್ತಿನ ಭೂಕಂಪಗಳ ಪಟ್ಟಿಯನ್ನು ಓದುವುದೂ ತಾನಾಗಿ ತಿಳಿಯುತ್ತದೆ. ಆ ಪಟ್ಟಿಯ ಒಂದೊಂದು ಸಾಲೂ ಭೂಮಿಯೇ ಬರೆದುಕೊಟ್ಟ ವರದಿಯಲ್ಲ. ಚದುರಿಕೊಂಡಿರುವ ಅನೇಕ ಯಂತ್ರಗಳು ಕೇಳಿಸಿಕೊಂಡದ್ದರಿಂದ ಮನುಷ್ಯರು ಮಾಡಿದ ಲೆಕ್ಕ.

ಭೂಕಂಪನ ಮಾಪಕದ ಮೂಲತತ್ತ್ವ ಸರಳವಾದದ್ದು. ಬಸ್ಸು ಥಟ್ಟನೆ ಹೊರಟಾಗ ನಿಂತಿದ್ದವರು ಹಿಂದಕ್ಕೆ ಜೋಲಿ ಹೊಡೆಯುವ ಹಾಗೆ, ನೆಲ ಅಲುಗಿದಾಗ ಅದರ ಮೇಲೆ ತೂಗುಬಿಟ್ಟ ಭಾರವು ಇದ್ದಲ್ಲಿಯೇ ಇರಲು ಹವಣಿಸುತ್ತದೆ. ಚೌಕಟ್ಟಿಗೂ ಆ ಭಾರಕ್ಕೂ ನಡುವೆ ಉಂಟಾಗುವ ವ್ಯತ್ಯಾಸವೇ ನೆಲದ ಚಲನೆಯ ಅಳತೆ. ಹಿಂದೆ ಇದನ್ನು ಉರುಳೆಗೆ ಸುತ್ತಿದ ಕಾಗದದ ಮೇಲೆ ಮುಳ್ಳು ಗೀಚುತ್ತಿತ್ತು. ಈಗಿನ ಉಪಕರಣಗಳಲ್ಲಿ ಭಾರವನ್ನು ಅಲುಗದಂತೆ ಹಿಡಿದಿಡಲು ಎಷ್ಟು ವಿದ್ಯುತ್ ಬೇಕಾಯಿತೆಂಬುದನ್ನೇ ಅಳೆಯುತ್ತಾರೆ. ಈ ಯಂತ್ರಗಳು ಎಷ್ಟು ಸೂಕ್ಷ್ಮವೆಂದರೆ ರಸ್ತೆಯ ಲಾರಿ, ಗಾಳಿಗೆ ತೂಗುವ ಮರದ ಬೇರು, ಮಳೆಗಾಲದಲ್ಲಿ ಉಕ್ಕುವ ಅರಬ್ಬೀ ಸಮುದ್ರದ ತೆರೆಗಳ ಬಡಿತ ಎಲ್ಲವೂ ಅವುಗಳ ದಾಖಲೆಯಲ್ಲಿ ಬೆರೆತುಹೋಗುತ್ತವೆ. ಆದ್ದರಿಂದಲೇ ಊರಿನ ಗದ್ದಲದಿಂದ ದೂರವಾದ ಗಟ್ಟಿ ಬಂಡೆಯನ್ನು ಹುಡುಕಿ ಅವನ್ನು ಕೂರಿಸುತ್ತಾರೆ.

ಭೂಕಂಪವಾದಾಗ ಬಂಡೆಯೊಳಗಿಂದ ಮುಖ್ಯವಾಗಿ ಎರಡು ಬಗೆಯ ಅಲೆಗಳು ಹೊರಡುತ್ತವೆ. ಮೊದಲನೆಯದು ಬಂಡೆಯನ್ನು ಹಿಂದೆ ಮುಂದೆ ಒತ್ತುತ್ತಾ, ಎಳೆಯುತ್ತಾ ಸಾಗುವ ಪ್ರಾಥಮಿಕ ಅಲೆ. ಭೂಮಿಯ ಹೊರಪದರದಲ್ಲಿ ಇದರ ವೇಗ ಸೆಕೆಂಡಿಗೆ ಸುಮಾರು 6 ಕಿಲೋಮೀಟರ್. ಎರಡನೆಯದು ಬಂಡೆಯನ್ನು ಅಡ್ಡಡ್ಡಲಾಗಿ ಕುಲುಕುವ ದ್ವಿತೀಯಕ ಅಲೆ. ಇದರ ವೇಗ ಸೆಕೆಂಡಿಗೆ ಸುಮಾರು 3.5 ಕಿಲೋಮೀಟರ್. 1897ರ ಜೂನ್ 12ರಂದು ಶಿಲ್ಲಾಂಗ್ ಪ್ರದೇಶದಲ್ಲಿ ಸಂಭವಿಸಿದ ಮಹಾಭೂಕಂಪದ ದಾಖಲೆಗಳನ್ನು ಅಧ್ಯಯನ ಮಾಡಿ ಈ ಅಲೆಗಳನ್ನು ಬೇರೆ ಬೇರೆಯಾಗಿ ಗುರುತಿಸಿದವರು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಲ್ಲಿದ್ದ ಆರ್. ಡಿ. ಓಲ್ಡ್‌ಹ್ಯಾಮ್. ಆ ಭೂಕಂಪದ ಮರುವರ್ಷವೇ, ಅಂದರೆ 1898ರಲ್ಲಿ, ದೇಶದ ಮೊದಲ ಭೂಕಂಪನ ವೀಕ್ಷಣಾಲಯ ಕಲ್ಕತ್ತೆಯ ಆಲಿಪುರದಲ್ಲಿ ಆರಂಭವಾಯಿತು.

ಎರಡು ಅಲೆಗಳ ವೇಗ ಬೇರೆಯಾಗಿರುವುದೇ ದೂರವನ್ನು ಅಳೆಯುವ ಕೋಲು. ಶಿವಮೊಗ್ಗದ ಬಸ್ ನಿಲ್ದಾಣದಿಂದ ಗಂಟೆಗೆ 60 ಕಿಲೋಮೀಟರ್ ವೇಗದ ಕಾರೊಂದೂ 35 ಕಿಲೋಮೀಟರ್ ವೇಗದ ಟೆಂಪೋ ಒಂದೂ ಸಾಗರದ ಕಡೆಗೆ ಒಟ್ಟಿಗೆ ಹೊರಟವೆಂದುಕೊಳ್ಳೋಣ. ಆಯನೂರಿನಲ್ಲಿ ನಿಂತು ನೋಡುವವರಿಗೆ ಕಾರು ದಾಟಿದ ಸ್ವಲ್ಪ ಹೊತ್ತಿಗೇ ಟೆಂಪೋ ಕಾಣಿಸುತ್ತದೆ. ಎಪ್ಪತ್ತು ಕಿಲೋಮೀಟರಿಗೂ ತುಸು ಆಚೆಯ ಸಾಗರದಲ್ಲಿ ನಿಂತವರು ಟೆಂಪೋಗಾಗಿ ಮುಕ್ಕಾಲು ಗಂಟೆಗೂ ಮಿಕ್ಕಿ ಕಾಯಬೇಕಾಗುತ್ತದೆ. ಎರಡೂ ಹೊರಟ ಗಳಿಗೆ ಯಾವುದೆಂದು ಅವರಿಗೆ ಗೊತ್ತಿಲ್ಲದಿದ್ದರೂ, ಕಾದ ಹೊತ್ತನ್ನು ಎಣಿಸಿದರೆ ಎಷ್ಟು ದೂರದಿಂದ ಬಂದವೆಂದು ಹೇಳಿಬಿಡಬಹುದು. ಭೂಕಂಪದ ಅಲೆಗಳಲ್ಲಿಯೂ ಇದೇ ಲೆಕ್ಕ: ಹತ್ತಿರದ ಕಂಪನಗಳಿಗೆ ಎರಡು ಅಲೆಗಳ ನಡುವಿನ ಅಂತರ ಒಂದು ಸೆಕೆಂಡಾದರೆ ದೂರ ಸುಮಾರು 8 ಕಿಲೋಮೀಟರ್. ಮಾಪಕವಿರುವ ಒಂದು ಕೇಂದ್ರ ಹೇಳುವುದು ದೂರವನ್ನು ಮಾತ್ರ. ಕನಿಷ್ಠ ಮೂರು ಕೇಂದ್ರಗಳ ಸುತ್ತ ಅಷ್ಟಷ್ಟು ದೂರದ ವೃತ್ತಗಳನ್ನು ಎಳೆದಾಗ ಅವು ಸೇರುವ ಜಾಗವೇ ಭೂಕಂಪದ ಕೇಂದ್ರಬಿಂದು. ಇಂದು ಕಂಪ್ಯೂಟರು ನೂರಾರು ಕೇಂದ್ರಗಳ ಮಾಹಿತಿಯನ್ನು ಒಟ್ಟಿಗೆ ಹಾಕಿ ಇದನ್ನು ಕ್ಷಣಗಳಲ್ಲಿ ಮಾಡುತ್ತದೆಯಾದರೂ ಒಳಗಿನ ತರ್ಕ ಇಷ್ಟೇ.

ಇನ್ನು ಸ್ಫೋಟದ ವಿಷಯ. ಭೂಕಂಪವೆಂದರೆ ಬಿರುಕಿನ ಎರಡು ಬದಿಯ ಬಂಡೆಗಳು ಒಂದಕ್ಕೊಂದು ಉಜ್ಜಿಕೊಂಡು ಜಾರುವುದು; ಹೀಗೆ ಜಾರುವಾಗ ಕೆಲವು ದಿಕ್ಕುಗಳಿಗೆ ಮೊದಲು ತಳ್ಳಿದಂತೆಯೂ ಬೇರೆ ದಿಕ್ಕುಗಳಿಗೆ ಮೊದಲು ಸೆಳೆದಂತೆಯೂ ಅಲೆ ಹೊರಡುತ್ತದೆ. ಸ್ಫೋಟವಾದರೋ ಸುತ್ತಲಿನ ಎಲ್ಲ ದಿಕ್ಕಿಗೂ ಹೊರಕ್ಕೇ ತಳ್ಳುತ್ತದೆ, ಅಡ್ಡ ಕುಲುಕುವ ಎರಡನೆಯ ಅಲೆ ಅದರಲ್ಲಿ ಕ್ಷೀಣವಾಗಿರುತ್ತದೆ, ಅದರ ಆಳವೂ ಹೆಚ್ಚು ಕಡಿಮೆ ಶೂನ್ಯ. ನೆಲದ ಮೇಲೆ ಸಿಡಿದ ಸ್ಫೋಟದ ಬಹುಪಾಲು ಶಕ್ತಿ ಗಾಳಿಗೇ ಹೋಗುತ್ತದೆ. ಚಳಿಗಾಲದ ರಾತ್ರಿಯಲ್ಲಿ ನೆಲದ ಬಳಿಯ ತಂಪು ಗಾಳಿ ಶಬ್ದವನ್ನು ಮೇಲೆ ಹೋಗಗೊಡದೆ ಮತ್ತೆ ನೆಲಕ್ಕೇ ಬಾಗಿಸುವುದರಿಂದ ಅದು ಬಹುದೂರದವರೆಗೆ ಸಾಗುತ್ತದೆ. ದೂರದ ಮನೆಗಳ ಕಿಟಕಿಯನ್ನು ಅದುರಿಸುವುದು ಹೆಚ್ಚಾಗಿ ಈ ಗಾಳಿಯ ಅಲೆಯೇ ಹೊರತು ನೆಲವಲ್ಲ. ಎರಡಕ್ಕೂ ಇರುವ ವ್ಯತ್ಯಾಸ ಗಡಿಯಾರದಲ್ಲಿಯೇ ತಿಳಿಯುತ್ತದೆ: ಅರವತ್ತು ಕಿಲೋಮೀಟರ್ ದೂರದ ಊರಿಗೆ ನೆಲದೊಳಗಿನ ಅಲೆ ಹತ್ತು ಸೆಕೆಂಡಿನಲ್ಲಿ ಬಂದರೆ, ಶಬ್ದ ತಲುಪಲು ಮೂರು ನಿಮಿಷ ಬೇಕು. ಆ ರಾತ್ರಿ ಬೇರೆ ಬೇರೆ ಊರಿನವರು ನಿಖರವಾದ ವೇಳೆಯನ್ನು ಬರೆದಿಟ್ಟುಕೊಂಡಿದ್ದರೆ, ಯಾವ ಯಂತ್ರವೂ ಇಲ್ಲದೆ ಅವರವರೇ ಸತ್ಯದ ಹತ್ತಿರ ಬರಬಹುದಿತ್ತು.

ಸ್ಫೋಟವನ್ನೂ ಭೂಕಂಪವನ್ನೂ ಬೇರ್ಪಡಿಸುವ ವಿದ್ಯೆ ಬೆಳೆದದ್ದು ಕಲ್ಲು ಕ್ವಾರಿಗಳಿಗಾಗಿ ಅಲ್ಲ, ಪರಮಾಣು ಪರೀಕ್ಷೆಗಳನ್ನು ಪತ್ತೆಹಚ್ಚುವುದಕ್ಕಾಗಿ. ಈ ಕೆಲಸಕ್ಕೆಂದೇ ನಮ್ಮ ರಾಜ್ಯದ ಗೌರಿಬಿದನೂರಿನಲ್ಲಿ 1965ರಲ್ಲಿ ಬ್ರಿಟನ್ನಿನ ಸಹಕಾರದಿಂದ ಸ್ಥಾಪಿತವಾದ ಮಾಪಕಗಳ ಸಾಲೊಂದು ಇಂದಿಗೂ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ಅಧೀನದಲ್ಲಿದೆ. ದಕ್ಷಿಣ ಕರ್ನಾಟಕದ ನೆಲದಡಿಯ ಪುರಾತನ ಗಟ್ಟಿ ಬಂಡೆ ಇಂಥ ಆಲಿಕೆಗೆ ಬಹಳ ಅನುಕೂಲವಾದದ್ದು.

ದೂರದ ಭೂಕಂಪವನ್ನು ಯಂತ್ರವೊಂದು ಕೇಳಿಸಿಕೊಳ್ಳಬಲ್ಲದೆಂಬುದು ಮೊದಲು ತಿಳಿದದ್ದು ಅಕಸ್ಮಾತ್ತಾಗಿ. 1889ರ ಏಪ್ರಿಲ್‌ನಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಅರ್ನ್ಸ್ಟ್ ಫಾನ್ ರೆಬೊಯರ್ ಪಾಷ್ವಿಟ್ಸ್ ಎಂಬ ವಿಜ್ಞಾನಿ ಬೇರೊಂದು ಉದ್ದೇಶಕ್ಕೆ ಇಟ್ಟಿದ್ದ ಲೋಲಕ ವಿಚಿತ್ರವಾಗಿ ತೂಗಾಡಿತು. ಅದೇ ಹೊತ್ತಿಗೆ ಜಪಾನಿನಲ್ಲಿ ಭೂಕಂಪವಾಗಿತ್ತೆಂದು ಅವನು ಆಮೇಲೆ ಓದಿ ಎರಡನ್ನೂ ಜೋಡಿಸಿದ. ಇಂದು ಆ ಲೋಲಕದ ಜಾಗದಲ್ಲಿ ಸುಮಾರು 150 ಕೇಂದ್ರಗಳ ಜಾಗತಿಕ ಜಾಲವೊಂದಿದೆ, ಅದರ ಜೊತೆಗೆ ಹಲವು ದೇಶಗಳಿಗೆ ತಮ್ಮದೇ ಜಾಲಗಳಿವೆ. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯಾದ ಯುಎಸ್‌ಜಿಎಸ್, ಯೂರೋಪಿನ ಭೂಕಂಪ ಕೇಂದ್ರವಾದ ಇಎಂಎಸ್‌ಸಿ, ಪಾಟ್ಸ್‌ಡ್ಯಾಮ್‌ನ ಜಿಯೋಫೋನ್ ಎಂಬ ಮಾಪಕಗಳ ಜಾಲ, ಜಪಾನಿನ ಹವಾಮಾನ ಸಂಸ್ಥೆ ಇವೆಲ್ಲ ತಮ್ಮ ಪಟ್ಟಿಗಳನ್ನು ಯಾರು ಬೇಕಾದರೂ ನೋಡಲು ತೆರೆದಿಟ್ಟಿವೆ. ಭಾರತದಲ್ಲಿ ಈ ಹೊಣೆ ದೆಹಲಿಯ ರಾಷ್ಟ್ರೀಯ ಭೂಕಂಪ ವಿಜ್ಞಾನ ಕೇಂದ್ರದ್ದು. 'ಭೂಕಂಪ್' ಎಂಬ ಅದರ ಆ್ಯಪ್ ಮೊಬೈಲಿಗೆ ಸಿಗುತ್ತದೆ. ಕರ್ನಾಟಕದೊಳಗಿನ ಸಣ್ಣ ಕಂಪನಗಳ ಸುದ್ದಿ ಸಾಮಾನ್ಯವಾಗಿ ಹೊರಬರುವುದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮೂಲಕ.

ಈಗ ಪಟ್ಟಿಯ ಒಂದು ಸಾಲನ್ನು ಎತ್ತಿಕೊಂಡು ನೋಡೋಣ. 2025ರಲ್ಲಿ ರಷ್ಯಾದ ಕಮ್ಚಾಟ್ಕಾದ ಕರಾವಳಿಯಾಚೆ ಸಂಭವಿಸಿದ 8.8 ಪ್ರಮಾಣದ ಭೂಕಂಪಕ್ಕೆ ಯುಎಸ್‌ಜಿಎಸ್ ಪಟ್ಟಿಯಲ್ಲಿರುವ ವೇಳೆ ಜುಲೈ 29ರ 23 ಗಂಟೆ 24 ನಿಮಿಷ. ಆದರೆ ನಮ್ಮ ಪತ್ರಿಕೆಗಳೆಲ್ಲ ಬರೆದದ್ದು ಜುಲೈ 30 ಎಂದು. ಎರಡೂ ಸರಿಯೇ. ಜಾಗತಿಕ ಪಟ್ಟಿಗಳು ಬಳಸುವುದು ಯುಟಿಸಿ ಎಂಬ ಸಾರ್ವತ್ರಿಕ ವೇಳೆಯನ್ನು. ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಗಡಿಯಾರದಲ್ಲಿ ಮರುದಿನ ಬೆಳಗಿನ ಜಾವ 4.54. ಈ ಐದೂವರೆ ಗಂಟೆಯನ್ನು ಮರೆತು, ಒಂದೇ ಭೂಕಂಪವನ್ನು ಎರಡೆಂದು ಎಣಿಸಿ ಗಾಬರಿಯಾಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಮೊದಮೊದಲು ನಾನೂ ಅವರಲ್ಲೊಬ್ಬನಾಗಿದ್ದೆ.

ಎರಡನೆಯದಾಗಿ, ಅದೇ ಭೂಕಂಪಕ್ಕೆ ಮೊದಲು ಪ್ರಕಟವಾದ ಪ್ರಮಾಣ 8.0, ಆಮೇಲೆ 8.7 ಆಯಿತು, ಕೊನೆಗೆ 8.8ಕ್ಕೆ ನಿಂತಿತು. ಯಾರೂ ಸುಳ್ಳು ಹೇಳಿದ್ದಲ್ಲ. ಮೊದಲ ಅಂಕಿ ಹತ್ತಿರದ ಕೆಲವೇ ಕೇಂದ್ರಗಳ ಮೊದಲ ನಿಮಿಷಗಳ ದಾಖಲೆಯಿಂದ ಯಂತ್ರವೇ ಮಾಡಿದ ಅಂದಾಜು. ದೊಡ್ಡ ಭೂಕಂಪದಲ್ಲಿ ಬಿರುಕು ನೂರಾರು ಕಿಲೋಮೀಟರ್ ಉದ್ದಕ್ಕೆ ಹರಿಯಲು ಕೆಲವು ನಿಮಿಷಗಳೇ ಬೇಕಾಗುವುದರಿಂದ, ನಿಧಾನವಾದ ದೀರ್ಘ ಅಲೆಗಳು ಬಂದು ಸೇರುವವರೆಗೆ ಅದರ ಪೂರ್ತಿ ಗಾತ್ರ ತಿಳಿಯುವುದಿಲ್ಲ. ಬಳಿಕ ತಜ್ಞರು ಕುಳಿತು ಪರಿಶೀಲಿಸುತ್ತಾರೆ. ಆದ್ದರಿಂದ ಸಾಲಿನ ಪಕ್ಕದಲ್ಲಿ 'ಸ್ವಯಂಚಾಲಿತ' ಎಂದಿದೆಯೋ 'ಪರಿಶೀಲಿತ' ಎಂದಿದೆಯೋ ನೋಡುವುದು ಅಂಕಿಯನ್ನು ನೋಡುವಷ್ಟೇ ಮುಖ್ಯ. ಸಂಸ್ಥೆಯಿಂದ ಸಂಸ್ಥೆಗೆ ಅಂಕಿ ಬದಲಾಗುವುದಕ್ಕೆ ವಿಧಾನಗಳ ವ್ಯತ್ಯಾಸವೂ ಕಾರಣ. 2001ರ ಭುಜ್ ಭೂಕಂಪಕ್ಕೆ ಭಾರತೀಯ ಹವಾಮಾನ ಇಲಾಖೆ 6.9 ಎಂದಿತ್ತು, ಯುಎಸ್‌ಜಿಎಸ್ 7.7 ಎಂದಿತು.

ಆಳವನ್ನು ತೋರಿಸುವ ಕಾಲಂ ಅನ್ನು ಇನ್ನೂ ಎಚ್ಚರದಿಂದ ಓದಬೇಕು. ಸಾಲು ಸಾಲಾಗಿ '10 ಕಿಲೋಮೀಟರ್' ಎಂಬ ಅಂಕಿಯೇ ಕಂಡರೆ ಎಲ್ಲ ಭೂಕಂಪಗಳೂ ಅದೇ ಆಳದಲ್ಲಿ ಆದವೆಂದಲ್ಲ. ಆಳವನ್ನು ಖಚಿತವಾಗಿ ಬಿಡಿಸಲು ಹತ್ತಿರದಲ್ಲಿ ಕೇಂದ್ರಗಳಿಲ್ಲದಿದ್ದಾಗ 'ಹೆಚ್ಚು ಆಳದ್ದಲ್ಲ' ಎಂಬ ಅರ್ಥದಲ್ಲಿ ಆ ಅಂಕಿಯನ್ನು ಇಟ್ಟುಕೊಂಡು ಉಳಿದ ಲೆಕ್ಕ ಮುಗಿಸುತ್ತಾರೆ.

ಕನ್ನಡದಲ್ಲಿ ಈ ವಿಷಯವನ್ನು ಗೋಜಲು ಮಾಡಿರುವುದು ನಮ್ಮದೇ ಒಂದು ಪದ. 'ರಿಕ್ಟರ್ ಮಾಪಕದಲ್ಲಿ 7.7 ತೀವ್ರತೆ' ಎಂದು ಬರೆಯುವುದು ಪತ್ರಿಕೆಗಳ ರೂಢಿ. ಅದರಲ್ಲಿ ಎರಡು ತಪ್ಪುಗಳಿವೆ. ಚಾರ್ಲ್ಸ್ ರಿಕ್ಟರ್ 1935ರಲ್ಲಿ ರೂಪಿಸಿದ ಮಾಪಕ ದಕ್ಷಿಣ ಕ್ಯಾಲಿಫೋರ್ನಿಯಾದ ಹತ್ತಿರದ ಕಂಪನಗಳಿಗೆಂದು ಮಾಡಿದ್ದು. ದೊಡ್ಡ ಭೂಕಂಪಗಳನ್ನು ಈಗ ಅಳೆಯುವುದು, ಬಿರುಕಿನ ವಿಸ್ತೀರ್ಣ, ಜಾರಿದ ದೂರ, ಬಂಡೆಯ ಗಡಸುತನ ಇವುಗಳನ್ನು ಆಧರಿಸಿ 1979ರಲ್ಲಿ ಹ್ಯಾಂಕ್ಸ್ ಮತ್ತು ಕನಮೋರಿ ಮಂಡಿಸಿದ ಮಾಪಕದಿಂದ. ಅದಕ್ಕಿಂತ ದೊಡ್ಡ ತಪ್ಪು 'ತೀವ್ರತೆ' ಎಂಬ ಮಾತಿನದು. ಭೂಕಂಪದ ಒಟ್ಟು ಗಾತ್ರ, ಅಂದರೆ ಪ್ರಮಾಣ, ಒಂದೇ ಇರುತ್ತದೆ. ಒಂದೊಂದು ಊರಿನಲ್ಲಿ ನೆಲ ಎಷ್ಟು ಜೋರಾಗಿ ಕುಲುಕಿತೆಂಬ ತೀವ್ರತೆ ಊರೂರಿಗೆ ಬೇರೆ. ಸಾಗರದ ಮಾರಿಕಾಂಬಾ ಜಾತ್ರೆಯಲ್ಲಿ ಡೊಳ್ಳಿಗೆ ಬಿದ್ದ ಪೆಟ್ಟು ಒಂದೇ ಆದರೂ ಎದುರಿಗೆ ನಿಂತವನ ಎದೆಯೇ ಗುದ್ದಿದಂತಾಗುತ್ತದೆ, ನಾಲ್ಕು ಬೀದಿಯಾಚೆಯವನಿಗೆ ಬರಿಯ ಸದ್ದು ಕೇಳುತ್ತದೆ. ಪ್ರಮಾಣವೆಂದರೆ ಪೆಟ್ಟು, ತೀವ್ರತೆಯೆಂದರೆ ಅದು ನಮಗೆ ತಾಕಿದ ಬಗೆ.

ಪ್ರಮಾಣದಲ್ಲಿ ಒಂದು ಅಂಕಿ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು ಏರುತ್ತದೆ, ಎರಡು ಅಂಕಿ ಏರಿದರೆ ಸಾವಿರ ಪಟ್ಟು. ಈ ಲೆಕ್ಕದಲ್ಲಿ ಕಮ್ಚಾಟ್ಕಾದ ಭೂಕಂಪವು, ಅದಾದ ಒಂದು ತಿಂಗಳಿಗೆ, ಆಗಸ್ಟ್ 31ರ ರಾತ್ರಿ ಅಫ್ಘಾನಿಸ್ತಾನದ ಕುನಾರ್ ಪ್ರಾಂತ್ಯದಲ್ಲಾದ 6.0 ಪ್ರಮಾಣದ ಭೂಕಂಪಕ್ಕಿಂತ ಸುಮಾರು 16 ಸಾವಿರ ಪಟ್ಟು ಶಕ್ತಿಯುತ. ಆದರೆ ಕಮ್ಚಾಟ್ಕಾದಲ್ಲಿ ಪ್ರಾಣಹಾನಿ ಇಲ್ಲವೆನ್ನುವಷ್ಟು ಕಡಿಮೆ. ಕುನಾರ್‌ನಲ್ಲಿ ಸತ್ತವರು 2,200ಕ್ಕೂ ಹೆಚ್ಚು. ಒಂದು ಕಡಲಿನಡಿ, ಜನವಿರಳ ಕರಾವಳಿಯಾಚೆ ಆದದ್ದು. ಇನ್ನೊಂದು ನೆಲದಿಂದ 8 ಕಿಲೋಮೀಟರ್ ಮಾತ್ರ ಆಳದಲ್ಲಿ, ಮಣ್ಣು ಕಲ್ಲಿನ ಮನೆಗಳಲ್ಲಿ ಜನ ಮಲಗಿದ್ದ ಹೊತ್ತಿನಲ್ಲಿ ಆದದ್ದು. ಪಟ್ಟಿಯನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಜೋಡಿಸಿಕೊಂಡು ಮೇಲಿನ ನಾಲ್ಕು ಸಾಲನ್ನು ಮಾತ್ರ ಓದುವವರಿಗೆ ಕುನಾರ್ ಕಾಣಿಸುವುದೇ ಇಲ್ಲ.

ಭೂಪಟದ ಚುಕ್ಕೆಗಳೂ ಹಾಗೆಯೇ ದಾರಿ ತಪ್ಪಿಸಬಲ್ಲವು. ಯುಎಸ್‌ಜಿಎಸ್ ಭೂಪಟದಲ್ಲಿ ಚುಕ್ಕೆಯ ಗಾತ್ರ ಪ್ರಮಾಣವನ್ನೂ ಬಣ್ಣ ಎಷ್ಟು ಹೊತ್ತಿನ ಹಿಂದಿನದೆಂಬುದನ್ನೂ ಸೂಚಿಸುತ್ತದೆ; ಕೆಂಪು ಬಣ್ಣವೆಂದರೆ ಈ ಒಂದು ಗಂಟೆಯೊಳಗಿನದು ಎಂದಷ್ಟೇ ಅರ್ಥ, ಅಪಾಯವೆಂದಲ್ಲ. ಅಮೆರಿಕದ ಮೇಲೆ ಚುಕ್ಕೆಗಳು ಮುತ್ತಿಕೊಂಡಂತೆ ಕಾಣುವುದಕ್ಕೆ ಕಾರಣ ಅಲ್ಲಿ ಮಾಪಕಗಳ ದಟ್ಟಣೆ: ಅಲ್ಲಿನ ಸಣ್ಣ ಕಂಪನವೂ ಪಟ್ಟಿಗೆ ಸೇರುತ್ತದೆ, ಉಳಿದ ದೇಶಗಳ ವಿಷಯದಲ್ಲಿ ಆ ಪಟ್ಟಿ ಸಾಮಾನ್ಯವಾಗಿ ಹಿಡಿಯುವುದು 4.5ಕ್ಕೆ ಮೇಲಿನವನ್ನು. ಜಗತ್ತಿನಾದ್ಯಂತ ವರ್ಷಕ್ಕೆ ಸುಮಾರು 20 ಸಾವಿರ, ಅಂದರೆ ದಿನಕ್ಕೆ ಐವತ್ತೈದರಷ್ಟು ಭೂಕಂಪಗಳನ್ನು ಅಲ್ಲಿ ಗುರುತಿಸುತ್ತಾರೆ. ಇವುಗಳಲ್ಲಿ 7ರಿಂದ 7.9ರವರೆಗಿನವು ವರ್ಷಕ್ಕೆ ಸರಾಸರಿ ಹದಿನೈದು, 8 ಅಥವಾ ಅದಕ್ಕೂ ಮೇಲಿನದು ಒಂದು. ಒಂದೇ ತಿಂಗಳಲ್ಲಿ ಎರಡು ಮೂರು ದೊಡ್ಡವು ಬಂದು ಮುಂದಿನ ಕೆಲವು ತಿಂಗಳು ಖಾಲಿ ಹೋಗುವುದು ಅಪರೂಪವೇನಲ್ಲ. 'ಇತ್ತೀಚೆಗೆ ಭೂಕಂಪ ಹೆಚ್ಚಾಗಿದೆ' ಎಂಬ ಮಾತಿಗೆ ಆಧಾರ ಹುಡುಕಿದರೆ ಸಿಗುವುದು ಹೆಚ್ಚಿದ ಮಾಪಕಗಳು, ಹೆಚ್ಚಿದ ಮೊಬೈಲುಗಳು.

ಮಲೆನಾಡಿನವರು ಕೇಳುವ ಪ್ರಶ್ನೆ ಸಹಜವಾಗಿಯೇ ಬೇರೆ: ನಮ್ಮಲ್ಲಿ ಆಗಬಹುದೇ? ನಮ್ಮ ಕಾಲಡಿಯಲ್ಲಿರುವ ಧಾರವಾಡ ಶಿಲಾಸಮೂಹ 250 ಕೋಟಿ ವರ್ಷಗಳಿಗೂ ಹಳೆಯದು. ಭಾರತವನ್ನು ಹೊತ್ತ ಭೂಪದರದ ಫಲಕ ವರ್ಷಕ್ಕೆ ಸುಮಾರು ಐದು ಸೆಂಟಿಮೀಟರ್ ಈಶಾನ್ಯಕ್ಕೆ ಸರಿದು ಏಷ್ಯಾವನ್ನು ಒತ್ತುವ ಅಂಚು ಹಿಮಾಲಯದಲ್ಲಿದೆ, ಇಲ್ಲಲ್ಲ. ಆದ್ದರಿಂದ ಅಪಾಯದ ಏರಿಕೆಯ ಕ್ರಮದಲ್ಲಿ ಎರಡರಿಂದ ಐದರವರೆಗೆ ವಲಯಗಳನ್ನು ಗುರುತಿಸಿದ 2002ರ ಭೂಕಂಪ ವಲಯ ನಕ್ಷೆಯಲ್ಲಿ ಕರ್ನಾಟಕ ಬಂದದ್ದು ಎರಡು ಮತ್ತು ಮೂರನೆಯ ವಲಯಗಳಲ್ಲಿ ಮಾತ್ರ. ಹಾಗೆಂದು ಹಳೆಯ ಬಂಡೆ ಅಲುಗುವುದೇ ಇಲ್ಲವೆಂದಲ್ಲ. ಅಂಚಿನ ಒತ್ತಡ ಫಲಕದ ಒಳಗೂ ಹರಡಿರುತ್ತದೆ, ಹಳೆಯ ಬಿರುಕುಗಳು ಎಂದೋ ಒಮ್ಮೆ ಜಾರುತ್ತವೆ. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ಗಣೇಶ ವಿಸರ್ಜನೆ ಮುಗಿಸಿ ಮಲಗಿದ್ದ ಲಾತೂರಿನ ಕಿಲ್ಲಾರಿ ಸುತ್ತಲಿನ ಊರುಗಳಲ್ಲಿ 6.2 ಪ್ರಮಾಣದ ಭೂಕಂಪ ಹತ್ತು ಸಾವಿರದಷ್ಟು ಜನರನ್ನು ಬಲಿ ತೆಗೆದುಕೊಂಡಿತು. ಅದೂ ಸ್ಥಿರವೆಂದು ನಂಬಿದ್ದ ನೆಲವೇ. ಗಟ್ಟಿ ಬಂಡೆ ಅಲೆಯನ್ನು ಬೇಗ ನುಂಗಿಕೊಳ್ಳದ ಕಾರಣ ಇಂಥ ಕಂಪನಗಳು ಬಹುದೂರಕ್ಕೆ ತಿಳಿಯುತ್ತವೆ.

ಪಶ್ಚಿಮ ಘಟ್ಟದ ಸಾಲಿನಲ್ಲಿ ಎಲ್ಲರೂ ನೆನೆಯುವುದು ಮಹಾರಾಷ್ಟ್ರದ ಕೊಯ್ನಾವನ್ನು. 103 ಮೀಟರ್ ಎತ್ತರದ ಆ ಅಣೆಕಟ್ಟಿನ ಹಿಂದೆ ನೀರು ನಿಲ್ಲತೊಡಗಿದ ಮೇಲೆ ಸಣ್ಣ ಕಂಪನಗಳು ಶುರುವಾಗಿ, 1967ರ ಡಿಸೆಂಬರ್ 11ರಂದು 6.3 ಪ್ರಮಾಣದ ಭೂಕಂಪವಾಗಿ ಸುಮಾರು 180 ಜನ ಸತ್ತರು. ಹಾಗಾದರೆ ಲಿಂಗನಮಕ್ಕಿ? ಅದು 1964ರಿಂದ ನಿಂತಿದೆ, ಅದರ ಸಾಮರ್ಥ್ಯ ಸುಮಾರು 151 ಟಿಎಂಸಿ ಅಡಿ, ಅಂದರೆ ಕೊಯ್ನಾಕ್ಕಿಂತಲೂ ಹೆಚ್ಚು. ಆದರೂ ಕೊಯ್ನಾದಂಥ ಭೂಕಂಪ ಶರಾವತಿ ಕೊಳ್ಳದಲ್ಲಿ ಆಗಿಲ್ಲ. ನೀರು ಭೂಕಂಪವನ್ನು ಹುಟ್ಟಿಸುವುದಿಲ್ಲ, ಆಗಲೇ ಬಿಗಿದು ನಿಂತಿರುವ ಬಿರುಕಿನೊಳಗೆ ಇಳಿದು ಅದರ ಹಿಡಿತವನ್ನು ಸಡಿಲಿಸುತ್ತದೆ. ಆದ್ದರಿಂದ ಅಡಿಯ ಬಿರುಕು ಯಾವ ಸ್ಥಿತಿಯಲ್ಲಿದೆ, ನೀರಿನ ಆಳವೆಷ್ಟು ಎಂಬವು ನೀರಿನ ಮೊತ್ತಕ್ಕಿಂತ ಮುಖ್ಯವಾಗುತ್ತವೆ; ಎತ್ತರದಲ್ಲಿ ಲಿಂಗನಮಕ್ಕಿ ಕೊಯ್ನಾಕ್ಕಿಂತ ಬಹಳ ಗಿಡ್ಡ.

ಸಣ್ಣ ಕಂಪನಗಳಂತೂ ನಮ್ಮ ನೆರೆಯಲ್ಲೇ ಆಗಿವೆ. 2022ರ ಜೂನ್ ಕೊನೆಯಲ್ಲಿ ಕೊಡಗಿನ ಚೆಂಬು, ಸಂಪಾಜೆ, ಸುಳ್ಯದ ಸುತ್ತಮುತ್ತ 3ರ ಆಸುಪಾಸಿನ ಹಾಗೂ ಅದಕ್ಕೂ ಕಡಿಮೆ ಪ್ರಮಾಣದ ಕಂಪನಗಳು ಮತ್ತೆ ಮತ್ತೆ ಆಗಿ, ನೆಲದಡಿಯಿಂದ ಗುಡುಗಿನಂಥ ಸದ್ದು ಕೇಳಿತೆಂದು ಜನ ಹೇಳಿದರು. ಅವರು ಹೇಳಿದ್ದು ಭ್ರಮೆಯಲ್ಲ. ಮೇಲುಮೇಲಿನ ಆಳದಲ್ಲಾಗುವ ಸಣ್ಣ ಕಂಪನದ ಮೊದಲ ಅಲೆ ನೆಲದಿಂದ ಗಾಳಿಗೆ ದಾಟಿದಾಗ ಕಿವಿಗೆ ಕೇಳುವಂಥ ಗುಡುಗಾಗುತ್ತದೆ.

ಪ್ರತಿ ದೊಡ್ಡ ಭೂಕಂಪದ ಮರುದಿನ 'ಇಂಥ ತಾರೀಖಿಗೆ ಇಂಥ ಊರಿನಲ್ಲಿ' ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತದೆ. ದಿನ, ಸ್ಥಳ, ಪ್ರಮಾಣ ಮೂರನ್ನೂ ಮುಂಚಿತವಾಗಿ ಹೇಳುವ ವಿದ್ಯೆ ಯಾರಲ್ಲೂ ಇಲ್ಲ. ಕ್ಯಾಲಿಫೋರ್ನಿಯಾದ ಪಾರ್ಕ್‌ಫೀಲ್ಡ್‌ನಲ್ಲಿ ಭೂಕಂಪಗಳು ಒಂದು ಕ್ರಮದಲ್ಲಿ ಮರುಕಳಿಸುವಂತೆ ಕಂಡು, 1993ರೊಳಗೆ ಇನ್ನೊಂದು ಆಗಲೇಬೇಕೆಂದು ವಿಜ್ಞಾನಿಗಳು ಉಪಕರಣಗಳನ್ನು ಹೂಡಿ ಕಾದರು. ಅದು ಬಂದದ್ದು 2004ರಲ್ಲಿ. ಜಪಾನ್ 2007ರಿಂದ ಸಾರ್ವಜನಿಕರಿಗೆ ಕೊಡುತ್ತಿರುವ ಮುನ್ನೆಚ್ಚರಿಕೆ ಭವಿಷ್ಯವಾಣಿಯಲ್ಲ: ಭೂಕಂಪ ಆಗಿಹೋದ ಮೇಲೆ, ಮೊದಲ ಅಲೆಯನ್ನು ಹತ್ತಿರದ ಮಾಪಕ ಹಿಡಿದು, ಹಾನಿ ಮಾಡುವ ಎರಡನೆಯ ಅಲೆ ದೂರದ ಊರನ್ನು ತಲುಪುವ ಮೊದಲೇ ಸುದ್ದಿಯನ್ನು ಓಡಿಸುವುದು. ನಮ್ಮ ಕಾರು ಆಯನೂರು ದಾಟಿದ್ದನ್ನು ಕಂಡವರು ಸಾಗರಕ್ಕೆ ಫೋನ್ ಮಾಡಿ ಟೆಂಪೋ ಬರುತ್ತಿದೆಯೆಂದು ತಿಳಿಸಿದ ಹಾಗೆ. ಸಿಗುವ ಹೊತ್ತು ಕೆಲವು ಸೆಕೆಂಡು, ಹೆಚ್ಚೆಂದರೆ ಒಂದು ನಿಮಿಷದ ಆಸುಪಾಸು. ಕೇಂದ್ರಬಿಂದುವಿನ ಪಕ್ಕದ ಊರಿಗೆ ಅದೂ ಇಲ್ಲ.

ಕಮ್ಚಾಟ್ಕಾ ಶಿವಮೊಗ್ಗದಿಂದ ಸುಮಾರು 8,400 ಕಿಲೋಮೀಟರ್ ದೂರ. ಅಂದು 4.54ಕ್ಕೆ ಅಲ್ಲಿ ಹೊರಟ ಮೊದಲ ಅಲೆ, ಭೂಮಿಯ ಒಡಲನ್ನು ಹಾದು, ಹನ್ನೆರಡು ನಿಮಿಷದೊಳಗೆ ಮಲೆನಾಡಿನ ಬಂಡೆಗಳನ್ನು ಮುಟ್ಟಿತು. ಮೇಲ್ಮೈಯನ್ನು ಬಳಸಿ ಬಂದ ದೀರ್ಘ ಅಲೆಗಳು ಐದೂವರೆಯ ಹೊತ್ತಿಗೆ ಇಲ್ಲಿನ ನೆಲವನ್ನು ಮಿಲಿಮೀಟರುಗಳ ಲೆಕ್ಕದಲ್ಲಿ ಬಹು ನಿಧಾನವಾಗಿ ಎತ್ತಿ ಇಳಿಸಿ ಮುಂದೆ ಹೋದವು. ಒಂದು ಏರಿಳಿತಕ್ಕೇ ಇಪ್ಪತ್ತು ಸೆಕೆಂಡು ಹಿಡಿಯುವ ಆ ಚಲನೆ ಮನುಷ್ಯರಿಗೆ ತಿಳಿಯುವಂಥದ್ದಲ್ಲ, ಮಾಪಕಗಳಿಗೆ ಮಾತ್ರ ತಿಳಿಯಿತು.

ನಮಗೇ ತಿಳಿಯುವಂಥ ನಡುಕ ಎಂದಾದರೂ ಆದರೆ ಮೊದಲು ಮಾಡಬೇಕಾದದ್ದು, ಗಟ್ಟಿಯಾದ ಮೇಜಿನಡಿ ತಲೆಯನ್ನು ಕಾಪಾಡಿಕೊಳ್ಳುವುದು. ಹೆಂಚಿನ ಮನೆಯಾದರೆ ಸೂರಿನಂಚಿನಲ್ಲಿ ನಿಲ್ಲದಿರುವುದು. ಅದು ನಿಂತ ಮೇಲೆ ಗಡಿಯಾರ ನೋಡಿ ಸೆಕೆಂಡಿನವರೆಗೆ ವೇಳೆಯನ್ನು ಬರೆದಿಟ್ಟುಕೊಳ್ಳಬೇಕು. ನಡುಕ ಎಷ್ಟು ಹೊತ್ತು ಇತ್ತು, ಸದ್ದು ಮೊದಲೋ ಅಲುಗಾಟ ಮೊದಲೋ, ಅದುರಿದ್ದು ಕಿಟಕಿಯ ಗಾಜು ಮಾತ್ರವೋ ನೆಲದ ಮೇಲಿನ ಬಿಂದಿಗೆಯ ನೀರೂ ತುಳುಕಿತೋ ಎಂಬುದನ್ನು ಗಮನಿಸಬೇಕು. ಬಳಿಕ ರಾಷ್ಟ್ರೀಯ ಕೇಂದ್ರದ ಪಟ್ಟಿಯನ್ನು ನೋಡಿ, ಅಲ್ಲಿ ಸಾಲು ಕಾಣಿಸಿದರೆ 'ನನಗೂ ಅನುಭವವಾಯಿತು' ಎಂಬ ನಮೂನೆಯನ್ನು ತುಂಬಿ ಕಳಿಸಬಹುದು. ಮಾಪಕಗಳು ವಿರಳವಾಗಿರುವ ಘಟ್ಟದ ಊರುಗಳಿಂದ ಬರುವ ಇಂಥ ವರದಿಗಳಿಂದಲೇ ತೀವ್ರತೆಯ ನಕ್ಷೆಯ ಖಾಲಿ ಜಾಗಗಳು ತುಂಬುತ್ತವೆ. ಅರ್ಧ ಗಂಟೆಯಾದರೂ ಯಾವ ಪಟ್ಟಿಯಲ್ಲೂ ಸಾಲು ಕಾಣಿಸದಿದ್ದರೆ, ಹತ್ತಿರದಲ್ಲಿ ಕಲ್ಲು ಕ್ವಾರಿ ಯಾವ ದಿಕ್ಕಿಗಿದೆಯೆಂದು ವಿಚಾರಿಸಬೇಕು.